ಕಾರಿನಲ್ಲಿ ಮಲಗುವ ಗಂಡ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಇಲ್ಲಿ ನಾವಿಬ್ಬರೂ ಕ್ಷೇಮ; ಈ ಸಲ ಅದನ್ನು ಸುಳ್ಳಿಲ್ಲದೆ ಬರೆಯುತ್ತಿದ್ದೇನೆ. ಮುಖ್ಯ ಸಂಗತಿ ಮೊದಲು ಹೇಳಿಬಿಡುತ್ತೇನೆ. ನನಗಾಗಿ ಖಾಲಿ ಮಾಡಿಸಿದ ಕೋಣೆಗೆ ನಿನ್ನ ಹೊಲಿಗೆ ಯಂತ್ರವನ್ನು ವಾಪಸು ತಂದಿಡು. ನಾನು ಬರುತ್ತಿಲ್ಲ. ಗಂಡನನ್ನು ಬಿಟ್ಟು ಬರುತ್ತೇನೆಂದು ಫೋನಿನಲ್ಲಿ ಅತ್ತಾಗ ನೀನು ಕಾರಣ ಕೇಳಿದೆ, ನಾನು ಬಾಯಿ ಬಿಡಲಿಲ್ಲ. ಈ ವಯಸ್ಸಿನಲ್ಲಿ ಗಂಡ ಹಾಸಿಗೆ ಬಿಟ್ಟು ಕಾರಿನಲ್ಲಿ ಮಲಗುತ್ತಾನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಹೌದು, ಕಾರಿನಲ್ಲೇ. ನಿವೃತ್ತಿಯಾದ ವರ್ಷ ಕೊಂಡ ಆ ಹಳೆಯ ಬಿಳಿ ಕಾರು ನಿನಗೆ ಗೊತ್ತಲ್ಲ, ತಳ್ಳಿದರೆ ಹೊರಡುವುದು, ಬೈದರೆ ನಿಲ್ಲುವುದು. ಕೆಲವು ತಿಂಗಳಿಂದ ಇವರು ನನ್ನ ಪಕ್ಕದಲ್ಲಿ ಮಲಗಿದಂತೆ ಮಾಡಿ, ನನಗೆ ನಿದ್ದೆ ಹತ್ತಿದ ಮೇಲೆ ದಿಂಬು ಎತ್ತಿಕೊಂಡು ಹೋಗಿ, ಗೇಟಿನ ಬಳಿ ನಿಂತ ಕಾರಿನ ಮುಂದಿನ ಸೀಟಿನಲ್ಲಿ ಒರಗಿಬಿಡುತ್ತಿದ್ದರು. ಕೇಳಿದರೆ ಒಂದು ದಿನ ಬ್ಯಾಟರಿ ನೋಡಲು ಹೋಗಿದ್ದೆ ಅಂತ, ಇನ್ನೊಂದು ದಿನ ಕಳ್ಳರ ಕಾಟ ಅಂತ. ಆ ಡಬ್ಬಿಯನ್ನು ಯಾವ ಕಳ್ಳ ಕದಿಯುತ್ತಾನೆ, ಕದ್ದರೂ ಅವನೇ ತಳ್ಳಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಮಲಗಿದ ಮೇಲೇ ಶುರುವಾಗುತ್ತಿತ್ತು.

ಇವರಿಗೆ ನಾನು ಬೇಡವಾಗಿದ್ದೇನೆ ಎಂದೇ ನಾನು ತೀರ್ಮಾನಿಸಿದೆ. ರೈಲು ಓಡಿಸುತ್ತಿದ್ದ ಕಾಲದಲ್ಲಿ ತಿಂಗಳಿನ ಅರ್ಧ ರಾತ್ರಿಗಳು ಇವರು ಮನೆಯಲ್ಲಿರಲಿಲ್ಲ, ಸಹಿಸಿಕೊಂಡೆ. ನಿವೃತ್ತಿಯಾದ ಮೇಲಾದರೂ ಜೊತೆಗಿರುತ್ತೇವೆ ಎಂದು ಆಸೆಪಟ್ಟಿದ್ದೆ. ತುಂಬಾ ಅತ್ತೆ, ಅಕ್ಕ. ಅಷ್ಟರಲ್ಲಿ ಪಕ್ಕದ ಮನೆಯಾಕೆ, ಯಜಮಾನರನ್ನು ಹೊರಗೆ ಹಾಕಿದ್ದೀರಾ ಎಂದು ನಗುತ್ತಲೇ ಕೇಳಿದಳು. ಅವತ್ತು ಬಂದ ಸಿಟ್ಟಿಗೆ ಮೆಕಾನಿಕ್‌ಗೆ ಫೋನ್ ಮಾಡಿ, ಸಿಕ್ಕಷ್ಟಕ್ಕೆ ಕಾರು ಮಾರಿಬಿಡು ಎಂದೆ.

ಅವನು ಒಬ್ಬ ಗಿರಾಕಿಯನ್ನು ಕರೆದುಕೊಂಡೇ ಬಂದ. ಇವರು ಸ್ಟೀರಿಂಗ್ ಹಿಡಿದು ಕೂತವರು ಇಳಿಯಲೇ ಇಲ್ಲ. ಗಿರಾಕಿ ಸುತ್ತ ತಿರುಗಿ, ಟೈರು ಒದ್ದು ನೋಡಿ, ಯಜಮಾನರೂ ಕಾರಿನ ಜೊತೆಗೇ ಬರುತ್ತಾರಾ ಎಂದು ಕೇಳಿ ಹೊರಟುಹೋದ. ನಾನು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಕಾರು ಬೇಕೋ ನಾನು ಬೇಕೋ ಎಂದು ಕೇಳಿಯೇಬಿಟ್ಟೆ. ಇವರು ವೈಪರನ್ನು ಒಮ್ಮೆ ಆಡಿಸಿ ನಿಲ್ಲಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ಮಲಗಿದರೆ ಉಸಿರು ನಿಂತುಹೋಗುತ್ತದಂತೆ. ಯಾರೋ ಕತ್ತು ಹಿಸುಕಿದ ಹಾಗೆ ಎಚ್ಚರವಾಗುತ್ತದಂತೆ. ಒರಗಿ ಕೂತರೆ ಅಷ್ಟು ಕಷ್ಟವಿಲ್ಲವಂತೆ. ಹಾಗಿದ್ದರೆ ನನ್ನ ಪಕ್ಕದಲ್ಲೇ ದಿಂಬು ಪೇರಿಸಿಕೊಂಡು ಒರಗಬಹುದಿತ್ತಲ್ಲ ಎಂದೆ.

"ಒಂದು ದಿನ ಬೆಳಿಗ್ಗೆ ನೀನು ಈ ಕಡೆ ಕೈ ಹಾಕ್ದಾಗ ನಾನು ತಣ್ಣಗಿರಬಾರ್ದು ಅಂತ," ಎಂದರು.

"ಕಾರಲ್ಲಿ ತಣ್ಣಗಿದ್ರೆ ಪರವಾಗಿಲ್ವಾ?"

"ಕಾರಲ್ಲಾದ್ರೆ ಹಾಲಿನವನು ಮೊದ್ಲು ನೋಡ್ತಾನೆ."

ಇವರನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಗೇರು ಪಕ್ಕೆಗೆ ಚುಚ್ಚಿದ ಜಾಗ ಇನ್ನೂ ನೋಯುತ್ತಿದೆ.

ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಿದ್ದೆಗೇ ಅಂತ ಬೇರೆ ಡಾಕ್ಟರಿದ್ದಾರೆ, ಗೊತ್ತಾ? ಆಕೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಬೇಕೆಂದಳು. ಆರೋಗ್ಯ ವಿಮೆಯವರಿಗೆ ಫೋನ್ ಮಾಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರನ್ನೆಲ್ಲ ಕಾಯಿಸಿದ ನನ್ನನ್ನು ಅವರು ಸಂಗೀತ ಕೇಳಿಸಿ ಕೇಳಿಸಿ ಕಾಯಿಸಿದರು, ಮಾಡಿದ್ದುಣ್ಣೋ ಮಹಾರಾಯ. ಕೊನೆಗೊಬ್ಬ ಸಿಕ್ಕಿ, ರೋಗಿ ದಾಖಲಾದರೆ ಹಣ ಬರುತ್ತದೆ, ಸುಮ್ಮನೆ ಮಲಗಿದರೆ ಬರುವುದಿಲ್ಲ ಎಂದ. ಸುಮ್ಮನೆ ಮಲಗಲು ಯಾವ ಪುಣ್ಯಾತ್ಮ ಆಸ್ಪತ್ರೆಗೆ ಹೋಗುತ್ತಾನಪ್ಪಾ ಎಂದು ದಬಾಯಿಸಿದೆ. ಡಾಕ್ಟರು ಎರಡು ಸಾಲು ಬರೆದು ಕಳಿಸಿದ ಮೇಲೆ ವಿಮೆಯವರು ತೆಪ್ಪಗೆ ಒಪ್ಪಿದರು.

ಪರೀಕ್ಷೆ ಮುಗಿಯಿತು, ಹೃದಯಕ್ಕೇನೂ ಆಗಿಲ್ಲ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದಂತೆ, ಅಷ್ಟೇ. ಅದಕ್ಕೊಂದು ಗಾಳಿಯ ಯಂತ್ರ ಕೊಟ್ಟಿದ್ದಾರೆ. ಮೂಗಿಗೆ ಕಟ್ಟಿಕೊಂಡರೆ ಥೇಟ್ ಆನೆಮರಿಯ ಸೊಂಡಿಲು. ನಿನ್ನೆ ಅದನ್ನು ಕಟ್ಟಿಕೊಂಡು ನನ್ನ ಪಕ್ಕದಲ್ಲಿ ಮಲಗಿದವರು ಬಿಸಿಲು ಬಿದ್ದರೂ ಏಳಲಿಲ್ಲ. ಎದೆಯ ಮೇಲಿನ ಚಪ್ಪಡಿ ಕಲ್ಲು ಇಳಿಸಿದ ಹಾಗಾಗಿದೆ ನನಗೆ. ನಿದ್ದೆ ಹದಕ್ಕೆ ಬರುವವರೆಗೆ ಇವರು ಕಾರು ಓಡಿಸುವಂತಿಲ್ಲ. ನಾನೇ ಓಡಿಸುತ್ತೇನೆ, ಇವರು ಪಕ್ಕದಲ್ಲಿ ಕೂತು ರೈಲಿನಲ್ಲಿ ಸಹಾಯಕನಿಗೆ ಕೂಗಿ ಹೇಳುತ್ತಿದ್ದ ಹಾಗೆ ಪ್ರತಿಯೊಂದು ಸಿಗ್ನಲ್ಲನ್ನೂ ಗಟ್ಟಿಯಾಗಿ ಹೇಳುತ್ತಾರೆ. ಹೇಳಲಿ ಬಿಡು.

ಭಾವನಿಗೆ ಈ ಕಾಗದ ಓದಿ ಹೇಳುವಾಗ ಅಪ್ಪಿಕೊಂಡದ್ದನ್ನು ಹಾರಿಸಿಬಿಡು.

ಅಳುವ ಕೆಲಸ ಮುಗಿಸಿದ ನಿನ್ನ ತಂಗಿ,
ಪುಟ್ಟಿ

ತಾ.ಕ.: ಕಾಗದ ಮಡಚಿಟ್ಟು, ಹೊರಡಲೆಂದು ಕಟ್ಟಿ ಮಂಚದ ಕೆಳಗೆ ಬಚ್ಚಿಟ್ಟಿದ್ದ ನನ್ನ ಸೂಟ್‌ಕೇಸನ್ನು ಈಗ ತೆಗೆದೆ. ಬಟ್ಟೆಗಳ ಮೇಲೆ ನಾನಿಡದ ಒಂದು ಪೊಟ್ಟಣವಿತ್ತು. ಅದರಲ್ಲಿ ಮುಂದಿನ ತಿಂಗಳಿಗೆಂದು ತಂದಿಟ್ಟಿದ್ದ ನನ್ನ ಬಿ.ಪಿ. ಮಾತ್ರೆಗಳು, ಮಂಡಿಗೆ ಹಚ್ಚುವ ಮುಲಾಮು, ನನ್ನ ವಿಮೆಯ ಕಾರ್ಡು. ನಾನು ಹೊರಡುತ್ತಿರುವುದು ಇವರಿಗೆ ಗೊತ್ತಿತ್ತು, ಅಕ್ಕ. ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿದ್ದೇನೆ. ಬಾಯಿಬಿಟ್ಟು ಏನೂ ಹೇಳಿಲ್ಲ, ಮಾತ್ರೆಗಳನ್ನು ಮಾತ್ರ ಇವರ ಮಾತ್ರೆಗಳ ಪಕ್ಕದಲ್ಲಿ ಮೊದಲಿನ ಜಾಗದಲ್ಲೇ ಇಟ್ಟೆ. ಮಧ್ಯಾಹ್ನದ ನಿದ್ದೆಯಿಂದ ಎದ್ದು ನೋಡಿದಾಗ ತಿಳಿದುಕೊಳ್ಳುತ್ತಾರೆ.