ನಮ್ಮ ಊರು ಗೆದ್ದ ಭಾನುವಾರ

ಸನತ್‌ನಗರ, ಹೈದರಾಬಾದ್
ಫೆಬ್ರವರಿ ೩, ಮಂಗಳವಾರ

ಚಿರಂಜೀವಿ ಶಾಂತಕುಮಾರನಿಗೆ ನಿನ್ನ ಅಪ್ಪನ ಆಶೀರ್ವಾದ.

ಮೊಣಕಾಲಿನ ಬಾವು ಇಳಿದಿದೆಯೇ? ಬರ್ಫದ ಗಡ್ಡೆ ಇಡುತ್ತಿದ್ದೀಯೋ ಇಲ್ಲವೋ ಎಂದು ನಿನ್ನ ಅವ್ವ ಎರಡು ಸಲ ಕೇಳಿದಳು. ನಾವಿಬ್ಬರೂ ಆರಾಮ ಇದ್ದೇವೆ. ಭಾನುವಾರ ಸಂಜೆಯಿಂದ ನಿನ್ನ ಫೋನು ಬಂದ್ ಇದೆ, ಅದಕ್ಕೆ ಈ ಪತ್ರ. ಪುಣೆಯಲ್ಲಿ ನಿಮ್ಮ ತಂಡದ ಹಾಸ್ಟೆಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಇಲ್ಲಿಯ ಸಮಾಚಾರ ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಹಾಕಿ ಲೀಗಿನ ಫೈನಲ್ ನೋಡಲು ಕಾಲೊನಿಯ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ನಾನೂ ಕುರ್ಚಿ ಒಯ್ದು ಕುಳಿತಿದ್ದೆ. ಹೈದರಾಬಾದ್ ತಂಡ ಫೈನಲ್ಲಿಗೆ ಬಂದದ್ದು ಒಂದು ಸಂಭ್ರಮವಾದರೆ, ಎದುರಿನ ಪುಣೆ ತಂಡದ ಗೋಲು ಕಾಯುವವನು ಇದೇ ಓಣಿಯ ಹುಡುಗ ಎಂಬುದು ಇನ್ನೊಂದು. ಯಾರ ಕಡೆ ಕೂಗಬೇಕೆಂದು ಜನಕ್ಕೆ ಮೊದಮೊದಲು ತಿಳಿಯಲಿಲ್ಲ. ಆಟ ಸಮವಾಗಿ ಮುಗಿದು ಶೂಟೌಟ್ ಶುರುವಾದಾಗ ತಿಳಿಯಿತು. ನೀನು ಅವರ ಎರಡನೆಯ ಹೊಡೆತವನ್ನು ತಡೆದಾಗ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಮುಂದಿನ ಸಾಲಿನವರು ಹೊರಳಿ ನೋಡಿದರು. ನಾಲ್ಕನೆಯದನ್ನು ತಡೆದಾಗ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ. ಐದನೆಯದು ಒಳಗೆ ಹೋಯಿತು, ಹೈದರಾಬಾದ್ ಗೆದ್ದಿತು. ಎಲ್ಲರೂ ಎದ್ದು ನಿಂತದ್ದರಿಂದ ನಿನ್ನ ಮುಖ ಕಾಣಲಿಲ್ಲ. ಅದೂ ಒಳ್ಳೆಯದೇ ಆಯಿತು.

ಕುರ್ಚಿ ಎತ್ತಿಕೊಂಡು ಮನೆಗೆ ಬಂದೆ. ಅವ್ವ ಟಿವಿ ಬಂದ್ ಮಾಡಿ ಜೋಳ ಹಸನು ಮಾಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ಮೆರವಣಿಗೆ ನಮ್ಮ ಓಣಿಗೆ ಬಂತು. ಹಲಗೆ ವಾದ್ಯ, ಪಟಾಕಿ, ಸ್ಕೂಟರುಗಳ ಮೇಲೆ ಬಾವುಟ, ಎಲ್ಲ ಇತ್ತು. ಸರಿಯಾಗಿ ನಮ್ಮ ಬಾಗಿಲಿಗೆ ಬಂದಾಗ ಹಲಗೆ ನಿಂತಿತು. ಕುಣಿಯುತ್ತಿದ್ದವರೂ ತಲೆ ತಗ್ಗಿಸಿ ಸುಮ್ಮನೆ ದಾಟತೊಡಗಿದರು. ಪಕ್ಕದ ಮನೆಯ ರಾಮದಾಸ ಮುಂದೆ ನಿಂತು ಕೈಸನ್ನೆಯಿಂದ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ. ಮರ್ಯಾದೆಗೆಂದೇ ಮಾಡಿದ್ದು, ನನಗೆ ಗೊತ್ತು. ಆದರೂ ಕೂತಿರಲು ಆಗಲಿಲ್ಲ. ಹೊರಗೆ ಹೋಗಿ ಕೇಳಿದೆ:

"ಹಲಗಿ ಯಾಕ ನಿಲ್ಲಿಸಿದ್ರಿ? ಈ ಮನ್ಯಾಗ ಯಾರೂ ಸತ್ತಿಲ್ಲ."

"ನಿಮಗ ಬ್ಯಾಸರ ಆಗಬಾರದಂತ ರೀ ಕಾಕಾ," ಅಂದ ರಾಮದಾಸ.

"ಬಾರಸ್ರಿ. ಊರು ಗೆದ್ದೈತಿ."

ಯಾರೂ ಬಾರಿಸಲಿಲ್ಲ. ಆಗ ನಿನ್ನ ಅವ್ವ ಬಂದಳು. ಸೆರಗಿಗೆ ಹತ್ತಿದ್ದ ಜೋಳದ ಹೊಟ್ಟು ಕೊಡವಿಕೊಂಡು ಹಲಗೆಯವನ ಎದುರು ನಿಂತಳು. "ನನ್ನ ಮಗ ಎರಡು ತಡದಾನ. ಅದಕ್ಕರ ಬಾರಸಪಾ," ಎಂದಳು. ಅವನಿಗೆ ಕನ್ನಡ ಬಾರದು. ರಾಮದಾಸ ತೆಲುಗಿನಲ್ಲಿ ಹೇಳಿದ ಮೇಲೆ ಬಾರಿಸಿದ. ಹತ್ತು ನಿಮಿಷ ನಮ್ಮ ಬಾಗಿಲಲ್ಲೇ ಕುಣಿದರು. ನಾನು ಕುಣಿಯಲಿಲ್ಲ, ಕಟ್ಟೆಯ ಮೇಲೆ ಕುಳಿತು ನೋಡಿದೆ. ಒಳಗೆ ಬಂದ ಮೇಲೆ ಅವ್ವ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ರೊಟ್ಟಿ ಬಡಿದಳು.

ಊಟ ತಪ್ಪಿಸಬೇಡ. ಅವ್ವ ನಿನಗೆ ಒಳ್ಳೆಯದಾಗಲಿ ಎಂದು ಬರೆಯಿಸಿದ್ದಾಳೆ. ರಾಮದಾಸನೂ ನಿನ್ನ ಕ್ಷೇಮ ಕೇಳಿದ್ದಾಗಿ ತಿಳಿಸು ಎಂದ.

ನಿನ್ನ ಅಪ್ಪ,
ಅಮರೇಶಪ್ಪ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಇದನ್ನು ಸೇರಿಸುತ್ತಿದ್ದೇನೆ. ಐದನೆಯ ಚೆಂಡು ನಿನ್ನ ಬಲಕ್ಕೆ ಬಂತು, ನೀನು ಅರೆಗಳಿಗೆ ತಡವಾಗಿ ಬಿದ್ದೆ. ಚಿಕ್ಕವನಿದ್ದಾಗ ನಿನಗೆ ಆಟ ಕಲಿಸಿದ ಬಯಲಿನಲ್ಲಿ ಗೋಲಿನಲ್ಲಿ ನಿನ್ನ ಬಲಗಡೆ ಬರೀ ಕಲ್ಲು. "ಆ ಕಡೆ ಬೀಳಬ್ಯಾಡ" ಎಂದು ಆರು ವರ್ಷ ದಿನಾ ಕೂಗಿದವನು ನಾನು. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ. ನೀನು ತಡವಾಗಿ ಬಿದ್ದದ್ದು ನನ್ನ ಮಾತಿನಿಂದ.