ಗಿಟಾರಿಗೆ ತಂತಿ ಕಟ್ಟಿದವರು ಯಾರು, ಮೇಷ್ಟ್ರೇ?

ಮೇಷ್ಟ್ರೇ,

ನಮಸ್ಕಾರ, ಕ್ಷೇಮ ಅಂತೆಲ್ಲ ಬರೆಯಲ್ಲ. ನೀವು ಹೋಗಿ ಎರಡು ತಿಂಗಳಾಯಿತು. ನಿಮ್ಮ ಕ್ಷೇಮ ಕೇಳಿ ಏನಾಗಬೇಕು? ಸಿಟ್ಟು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟು, ನಮ್ಮ ಸಂಘದ ಮೇಲೆ ಸಿಟ್ಟು, ಎಲ್ಲಕ್ಕಿಂತ ಜಾಸ್ತಿ ನನ್ನ ಮೇಲೆ. ಇದ್ದಿದ್ದರೆ ಹನುಮಂತನಗರದ ನಿಮ್ಮ ಮನೆ ಜಗಲಿಯಲ್ಲೇ ಕೂತು ಜಗಳ ಆಡಿ, ಜಯಕ್ಕ ಕೊಟ್ಟ ಕಾಫಿ ಕುಡಿದು, ಲೋಟ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದೆ. ಹೌದು, ಲೋಟ ಅಲ್ಲೇ ಬಿಟ್ಟು. ಅದೂ ಈಗ ನೆನಪಾಗಿ ಉರಿಯುತ್ತಿದೆ.

ನಿಮ್ಮ ಗಿಟಾರ್ ಮೊದಲ ಸಲ ಬೀದಿಗೆ ಬಂದ ದಿನ ಪೌರಕಾರ್ಮಿಕರ ಮೆರವಣಿಗೆ ಇತ್ತು. ಚಾಮರಾಜಪೇಟೆಯಿಂದ ಹೊರಟೆವು. ಮುಂದೆ ಎಂಟು ತಮಟೆ, ಅದರ ಹಿಂದೆ ಕುತ್ತಿಗೆಗೆ ಗಿಟಾರ್ ನೇತುಹಾಕಿಕೊಂಡ ನೀವು. ಕೈ ಆಡುವುದು ಕಾಣುತ್ತಿತ್ತು, ದನಿ ಯಾರಿಗೂ ಕೇಳಲಿಲ್ಲ. ಪುಟ್ಟರಾಜು ಆಗಿನ್ನೂ ಸಂಘದ ಅಧ್ಯಕ್ಷ ಆಗಿರಲಿಲ್ಲ, ನಾಲಿಗೆ ಮಾತ್ರ ಆಗಲೂ ಹೀಗೇ ಇತ್ತು. "ಮೇಷ್ಟ್ರೇ, ನಿಮ್ಮ ಗಿಟಾರು ಫೋಟೋಗೆ ಚೆನ್ನಾಗಿದೆ. ಹಾಡಿಗೆ ಬೇರೆ ಏನಾದ್ರೂ ನೋಡೋಣ್ವಾ?" ಅಂದ. ಎಲ್ಲರೂ ನಕ್ಕರು. ನಾನು ನಿಮ್ಮ ಪರ ವಹಿಸುವ ಭರದಲ್ಲಿ, "ತಂತಿ ತೆಳು ಸಾರ್, ದಪ್ಪದ್ದು ಹಾಕಿ, ತಮಟೆ ಮೇಲೆ ಎದ್ದು ಕೇಳ್ಸುತ್ತೆ" ಅಂದೆ. ನೀವು ತಲೆ ಕೆರೆದುಕೊಂಡು, "ನೋಡ್ತೀನಿ ಕಣೋ ರಂಗ, ಮನೇಲಿ ಒಂದು ಮಾತು..." ಅಂದು ನಿಲ್ಲಿಸಿದಿರಿ. ಆ ವಾಕ್ಯ ಪೂರ್ತಿ ಮಾಡಿದ್ದರೆ ಈ ಪತ್ರ ಬರೆಯುವ ಗತಿ ನನಗೆ ಬರುತ್ತಿತ್ತಾ?

ಎರಡು ದಿನ ಬಿಟ್ಟು ಬಂದು ನೀವು ನಮಗೆಲ್ಲ ಪಾಠ ಮಾಡಿದಿರಿ. ಗಿಟಾರಿನ ತಂತಿ ಸೆಟ್ಟಿಗೆ ನಂಬರು ಇರುತ್ತದೆ, ಅದು ಆ ಸೆಟ್ಟಿನ ಅತಿ ತೆಳು ತಂತಿಯ ದಪ್ಪ. ಹತ್ತು ಅಂದರೆ ಮೆದು, ಬೆರಳಿಗೆ ಸುಲಭ. ಹನ್ನೊಂದು ಅದಕ್ಕಿಂತ ಸ್ವಲ್ಪ ಗಟ್ಟಿ. ಹದಿಮೂರು ಅಂದರೆ ದನಿ ಜೋರು, ಎಳೆತವೂ ಜೋರು. "ನಮ್ಮದು ಹಗುರ ಮೈಯ ಗಿಟಾರು. ಹದಿಮೂರು ಹಾಕಿದ್ರೆ ಹೊಟ್ಟೆ ಉಬ್ಬುತ್ತೆ" ಅಂದಿರಿ. ನಾನು ಎದ್ದು ನಿಂತು ಏನಂದೆ ಗೊತ್ತಲ್ಲ? "ಹೋರಾಟಕ್ಕೆ ಹಗುರ ತಂತಿ ಸಾಲಲ್ಲ ಮೇಷ್ಟ್ರೇ!" ಚಪ್ಪಾಳೆ ಬಿತ್ತು. ನನ್ನ ಬದುಕಿನಲ್ಲಿ ಬಿದ್ದ ಅತಿ ದಡ್ಡ ಚಪ್ಪಾಳೆ ಅದು. ಮರಕ್ಕೆ ಘೋಷಣೆ ಅರ್ಥವಾಗಲ್ಲ. ನಿಮಗೆ ಗೊತ್ತಿತ್ತು, ಆದರೂ ನಮ್ಮ ಚಪ್ಪಾಳೆಗೆ ಸೋತು ಹದಿಮೂರು ಹಾಕಿಸಿಕೊಂಡು ಬಂದಿರಿ.

ಒಂದು ತಿಂಗಳು ತಡೆಯಿತು ಪಾಪ. ಆಮೇಲೆ ಪೌರಕಾರ್ಮಿಕರ ಧರಣಿಯಲ್ಲಿ, ಮೂರನೇ ಹಾಡಿನ ನಡುವೆ, ತಂತಿಗಳ ಬುಡವನ್ನು ಹಿಡಿದಿಡುವ ಮರದ ಪಟ್ಟಿ ಫಟ್ ಅಂತ ಕಿತ್ತು ಬಂತು. ಪೊರಕೆ ಹಿಡಿದು ಕೂತಿದ್ದ ಹೆಂಗಸೊಬ್ಬಳು, "ಅಯ್ಯೋ, ಮೇಷ್ಟ್ರ ಗಿಟಾರಿಗೆ ಹೊಟ್ಟೆ ಬಂದಿತ್ತು ಕಣ್ರೇ, ಹೆರಿಗೇನೇ ಆಗೋಯ್ತು!" ಅಂದಳು. ಧರಣಿಗೆ ಧರಣಿಯೇ ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕು ಕೈ ತಟ್ಟುತ್ತಾ ಹಾಡು ಮುಗಿಸಿದಿರಿ. ಎರಡು ವಾರಕ್ಕೆ ಗಿಟಾರ್ ವಾಪಸ್ ಬಂತು. ಪಟ್ಟಿ ಕೂತಿತ್ತು, ಅಂಟಿನ ಗುರುತೂ ಕಾಣದ ಹಾಗೆ. ಹನ್ನೊಂದರ ತಂತಿ ಸಾಲಾಗಿ ಹೊಳೆಯುತ್ತಿತ್ತು. "ಯಾರ ಹತ್ರ ಮಾಡಿಸಿದ್ರಿ?" ಅಂತ ಕೇಳಿದೆ. "ಮನೇಲೇ ಆಯ್ತು" ಅಂದಿರಿ.

ಮನೇಲೇ ಆಯ್ತು! ಅನ್ನ ಮನೇಲೇ ಆಗುತ್ತೆ, ಬಟ್ಟೆ ಮನೇಲೇ ಶುಭ್ರ ಆಗುತ್ತೆ, ಗಿಟಾರೂ ಮನೇಲೇ ರಿಪೇರಿ ಆಗುತ್ತೆ. ಯಾರು ಮಾಡಿದರು ಅನ್ನುವುದು ಮಾತ್ರ ಆ ವಾಕ್ಯದಲ್ಲಿ ಇರಲ್ಲ. ಊರಿಗೆಲ್ಲ ದುಡಿಮೆಯ ಲೆಕ್ಕ ಕೇಳಿಕೊಂಡು ತಿರುಗುತ್ತಿದ್ದ ನನಗೂ ಅವತ್ತು 'ಮನೇಲಿ ಯಾರು?' ಅಂತ ಕೇಳಬೇಕು ಅನ್ನಿಸಲಿಲ್ಲ.

ಭಾನುವಾರದ ನಿಮ್ಮ ಜಗಲಿ ಪಾಠಗಳು ಒಂದೊಂದೂ ನೆನಪಿವೆ. ನುಡಿಸುವ ಮುಂಚೆ ಕೈ ತೊಳೀರಿ, ಚಟ್ನಿ ಕೈಯಲ್ಲಿ ತಂತಿ ಮುಟ್ಟಬೇಡಿ. ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಮಾತ್ರ ಅಲ್ಲ, ತಂತಿಯ ಕೆಳಗೂ. ತುಕ್ಕು ಕೆಳಗಿನಿಂದ ಶುರುವಾಗುತ್ತೆ. ತಂತಿ ಸತ್ತಿದೆಯಾ ಅಂತ ನೋಡಬೇಕಾ? ಕೆಳಗೆ ಉಗುರು ಜಾರಿಸಿ, ಸವೆದು ಹಳ್ಳ ಬಿದ್ದಿದ್ದರೆ ಉಗುರು ಎಡವುತ್ತೆ. ಹೊಸದು ಹಾಕುವಾಗ ಎಲ್ಲ ಒಟ್ಟಿಗೆ ಬಿಚ್ಚಬೇಡಿ, ಒಂದು ಬಿಚ್ಚಿ ಒಂದು ಕಟ್ಟಿ, ಕತ್ತಿನ ಮರಕ್ಕೆ ಗಾಬರಿ ಆಗಬಾರದು. 'ಕತ್ತಿನ ಮರಕ್ಕೆ ಗಾಬರಿ' ಅಂತ ನೀವು ಅಂದಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮೇಷ್ಟ್ರೇ. ಎಂಥ ಮಾತು, ಎಂಥ ಮನುಷ್ಯ ಅಂತ. ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ಜಯಕ್ಕ ಆಗ ಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು ಅಂತ ನನಗೆ ಈಗ ಗೊತ್ತಾಗುತ್ತಿದೆ.

ಹೋದ ಶನಿವಾರ ಬೆಳಿಗ್ಗೆ ಮರುದಿನದ ನುಡಿನಮನಕ್ಕೆ ಗಿಟಾರ್ ತರಲು ನಿಮ್ಮ ಮನೆಗೆ ಹೋದೆ. ಜಯಕ್ಕ ಚಾಪೆ ಮೇಲೆ ಕೂತಿದ್ದರು. ತೊಡೆಯ ಮೇಲೆ ಗಿಟಾರು, ಪಕ್ಕದಲ್ಲಿ ಕಟಿಂಗ್ ಪ್ಲೇಯರು, ನಿಮ್ಮ ಹಳೇ ಪಂಚೆಯ ತುಂಡು. ಮೂರು ತಂತಿ ಹೊಸದು, ಮೂರು ಹಳೇದು. "ನಿಂತಿರು, ಕೈ ಬಿಡೋ ಹಾಗಿಲ್ಲ" ಅಂದರು. ಬಿರಡೆಗೆ ತಂತಿ ಮೂರು ಸುತ್ತು ಸುತ್ತಿದರು, ಸುತ್ತಿನ ಮೇಲೆ ಸುತ್ತು ಹತ್ತದ ಹಾಗೆ. ಮೆಲ್ಲಗೆ ಎಳೆದು ಸಡಿಲ ತೆಗೆದರು. ಮೀಟಿದರು. ಕಿವಿ ವಾಲಿಸಿ ಕೇಳಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಮೂವತ್ತು ವರ್ಷ ಕುಚ್ಚು ಕಟ್ಟಿ, ಕಾರ್ಡು ಅಂಟಿಸಿದ ಕೈ ಅದು.

"ಅಕ್ಕ, ಇದನ್ನೆಲ್ಲ ನೀವು..."

"ಇನ್ಯಾರು? ನಿಮ್ಮ ಮೇಷ್ಟ್ರಾ?" ತಲೆ ಎತ್ತದೆ ನಕ್ಕರು. "ಅವರಿಗೆ ತಂತಿ ಕಿತ್ತುಹಾಕೋಕೆ ಬರ್ತಿತ್ತು. 'ಹೆಂಗೂ ಸುಲ್ತಾನ್‌ಪೇಟೆಗೆ ಹೋಗ್ತೀಯಲ್ಲ, ಬರ್ತಾ ಅವೆನ್ಯೂ ರಸ್ತೆಯಿಂದ ಒಂದು ಸೆಟ್ ತಂದ್ಬಿಡು' ಅನ್ನೋರು. ಮೊದಲನೇ ಸಲ ಯಾವುದು ಅಂತ ಗೊತ್ತಾಗದೆ ನಿಂತ್ಕೊಂಡೆ. ಅಂಗಡಿ ಮುದುಕಪ್ಪ ಪಾಪ ಎಲ್ಲ ಬಿಡಿಸಿ ಹೇಳಿದ. ಆಮೇಲೆ ಕೈಗೇ ಗೊತ್ತಾಯ್ತು. ದಿನಾ ಬೆಳಿಗ್ಗೆ ಕುಕ್ಕರ್ ಮೂರು ಸಲ ಕೂಗೋಷ್ಟರಲ್ಲಿ ಒರೆಸಿಟ್ಬಿಡ್ತಿದ್ದೆ."

"ಆ ಪಟ್ಟಿ ಕಿತ್ತುಬಂದಿದ್ದು?"

"ನಮ್ಮ ಕಾರ್ಡಂಗಡಿ ಕ್ಲಾಂಪು ತಂದು, ಬಿಗಿದು ಅಂಟಿಸಿದೆ. ಮೂರು ದಿನ ಅಲ್ಲಾಡಿಸಬೇಡಿ ಅಂದ್ರೆ ಇವರು ಎರಡನೇ ದಿನಕ್ಕೇ ಬಂದು ಇಣುಕೋರು. ಹದಿಮೂರು ಬೇಡ ಬೇಡ ಅಂತ ಬಡ್ಕೊಂಡೆ ಕಣೋ ನಾನು. ಯಾವನೋ ಒಬ್ಬ ಹುಡುಗ ಸಭೇಲಿ ಎದ್ದು ಭಾಷಣ ಮಾಡ್ಬಿಟ್ಟನಂತೆ."

ಆ ಹುಡುಗ ನಾನೇ ಅಂತ ಅವರಿಗೆ ಗೊತ್ತು. ನೋಡಿದ ನೋಟದಲ್ಲೇ ಗೊತ್ತಾಯಿತು.

ನಾನು ಮಾತು ತಿರುಗಿಸಿದೆ. "ಈಗ ಪ್ಲಾಸ್ಟಿಕ್ ಪದರ ಇರೋ ತಂತಿ ಬರುತ್ತಂತಲ್ಲ ಅಕ್ಕ, ತುಕ್ಕೇ ಹಿಡಿಯಲ್ವಂತೆ."

"ಬರುತ್ತೆ. ಲ್ಯಾಮಿನೇಷನ್ ಮಾಡಿದ ಕಾರ್ಡಿನ ಹಾಗೆ. ಬಾಳಿಕೆ ಜಾಸ್ತಿ. ನನಗೆ ತಂತಿಯ ಕಂಚು ಕೈಗೆ ಸಿಗ್ಬೇಕಪ್ಪ."

"ನುಡಿಸೋಕೂ ಬರುತ್ತಾ?"

ಆಗ ಕೈ ನಿಂತಿತು. "ಶ್ರುತಿ ಮಾಡೋಕೆ ಬರುತ್ತೆ. ಶ್ರುತಿ ಆಗ್ತಿದ್ದ ಹಾಗೆ ಇವರು ಕೈ ಚಾಚೋರು."

ಮೇಷ್ಟ್ರೇ, ಈ ಮಾತು ಕೇಳಿಸಿಕೊಳ್ಳಿ. ಆ ಗಿಟಾರು ನಿಮ್ಮ ಮನೆಯಲ್ಲಿದ್ದದ್ದು ಇಪ್ಪತ್ತಾರು ವರ್ಷ. ಆರೂ ತಂತಿ ಒಂದಕ್ಕೊಂದು ಸೇರಿ ಹಾಡಲು ತಯಾರಾದ ಗಳಿಗೆಯಲ್ಲಿ, ಪ್ರತಿ ಸಲವೂ, ನೀವು ಕೈ ಚಾಚಿದಿರಿ. ಒಂದೇ ಒಂದು ದಿನ 'ನೀನೂ ಒಂದು ಹಾಡು ನುಡಿಸೇ ಜಯಾ' ಅನ್ನಲಿಲ್ಲವಾ? ದುಡಿದವರ ಹೆಸರು ಕಲ್ಲಿನ ಮೇಲೆ ಇರಬೇಕು ಅಂತ ಚೌಕ ಚೌಕದಲ್ಲಿ ಕೂಗಿದವರು ನೀವು. ಅವರು ಹೇಳಿಕೊಟ್ಟ ಪಾಠವನ್ನು ಅವರ ಜಗಲಿಯಲ್ಲೇ, ಅವರ ಕಾಫಿ ಕುಡಿಯುತ್ತಾ, ನಿಮ್ಮದು ಅಂತ ಹೇಳಿಕೊಟ್ಟಿರಿ. ಇದಕ್ಕೆ ಬೇರೆಯವರಾಗಿದ್ದರೆ ನಾವು ಏನೆಂದು ಕರೆಯುತ್ತಿದ್ದೆವು?

ನನ್ನ ಪಾಲಿನದೂ ಹೇಳಿಬಿಡುತ್ತೇನೆ. ಗಿಟಾರನ್ನು ಚೀಲಕ್ಕೆ ಹಾಕಿಕೊಡುತ್ತಾ ಜಯಕ್ಕ, "ಸಭೆ ಮುಗಿದ ಮೇಲೆ ತಂದುಕೊಡ್ತೀಯಲ್ಲ? ಈಗ ಕಲಿಯೋಣ ಅಂತಿದೀನಿ" ಅಂದರು. ನಾನು "ಹ್ಞೂಂ ಅಕ್ಕ" ಅಂದೆ. ಆ ಗಿಟಾರನ್ನು ಸಂಘದ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇಡುವುದು ಅಂತ ನಾವು ವಾರದ ಹಿಂದೆಯೇ ಠರಾವು ಮಾಡಿದ್ದೆವು. ಮೂರನೇ ಸಹಿ ನನ್ನದು. ಅವರನ್ನು ಒಂದು ಮಾತು ಕೇಳಬೇಕು ಅಂತ ಹನ್ನೊಂದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗೊತ್ತಿದ್ದೂ ಅವರ ಮುಖ ನೋಡಿ "ಹ್ಞೂಂ" ಅಂದೆ.

ಭಾನುವಾರ ಚಾಮರಾಜಪೇಟೆಯ ಸಭಾಂಗಣ ತುಂಬಿತ್ತು. ವೇದಿಕೆ ಮೇಲೆ ನಿಮ್ಮ ಫೋಟೋ, ಪಕ್ಕದಲ್ಲಿ ಗಿಟಾರು. ಯಾರೋ ಪುಣ್ಯಾತ್ಮರು ಅದಕ್ಕೂ ಹಾರ ಹಾಕಿದ್ದರು. ನೀರು ಚಿಮುಕಿಸಿ ತಂದ ಸುಗಂಧರಾಜದ ಹಾರ, ಹನಿ ಹನಿಯಾಗಿ ಹೊಸ ತಂತಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಜಯಕ್ಕನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಅವರ ಕಣ್ಣು ನಿಮ್ಮ ಫೋಟೋ ಮೇಲೆ ಇರಲಿಲ್ಲ, ಆ ಹನಿಗಳ ಮೇಲಿತ್ತು. ಪುಟ್ಟರಾಜು ಮೈಕಿನಲ್ಲಿ, "ಈ ತಂತಿಗಳನ್ನು ಇನ್ನು ಯಾರೂ ಮುಟ್ಟುವುದಿಲ್ಲ! ಇದು ನಮ್ಮ ಮೇಷ್ಟ್ರಿಗೆ ನಾವು ಕೊಡುವ ಗೌರವ!" ಅಂದು, ಠರಾವು ಓದಲು ನನ್ನನ್ನು ಕರೆದ. ನಾನು ಎದ್ದೆ. ಹಾಳೆ ಬಿಡಿಸಿದೆ. ಓದಲೂ ಶುರು ಮಾಡಿದೆ...

ಎರಡನೇ ಸಾಲಿಗೆ ಬರುವಷ್ಟರಲ್ಲಿ ಜಯಕ್ಕ ಮೆಟ್ಟಿಲು ಹತ್ತಿ ಬಂದಿದ್ದರು. ಹಾರ ತೆಗೆದು ನಿಮ್ಮ ಫೋಟೋಗೆ ಹಾಕಿದರು. ಹೊಸ ಶಾಲನ್ನು ಹೆಗಲಿನಿಂದ ಎಳೆದು, ಅದರಲ್ಲೇ ತಂತಿ ಒರೆಸತೊಡಗಿದರು. ಮೇಲೆ, ಕೆಳಗೆ, ಒಂದೊಂದಾಗಿ.

"ಜಯಕ್ಕ, ಇದು ಚಳವಳಿಯ ಆಸ್ತಿ" ಅಂದ ಪುಟ್ಟರಾಜು. ಮೈಕು ಚಾಲೂ ಇತ್ತು.

"ಹೌದಾ? ಚಳವಳಿ ಒಂದು ಸಲನಾದ್ರೂ ಇದನ್ನ ಒರೆಸಿದೆಯೇನೋ ಪುಟ್ಟರಾಜು?"

"ಹಾಗಲ್ಲ ಅಕ್ಕ, ಮನೇಲಿದ್ರೆ ಸುಮ್ನೆ ಧೂಳು ತಿನ್ನುತ್ತೆ. ನಿಮಗೆ ನುಡಿಸೋಕೂ ಬರಲ್ಲ..."

"ಬರಲ್ಲ. ಕಲೀತೀನಿ. ನೀನು ಭಾಷಣ ಮಾಡೋದು ಕಲಿಯೋವರೆಗೂ ನಾವೆಲ್ಲ ಕೂತು ಕೇಳ್ಲಿಲ್ವಾ?"

ಹಿಂದಿನ ಸಾಲಿನ ಪೌರಕಾರ್ಮಿಕ ಹೆಂಗಸರು ಹೋ ಅಂತ ನಕ್ಕರು. ಜಯಕ್ಕ ಗಿಟಾರನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಹಣ್ಣಿನ ಬುಟ್ಟಿ ಕುರ್ಚಿ ಮೇಲೇ ಉಳಿಯಿತು. ಅವರು ಬಾಗಿಲು ದಾಟಿದ ಮೇಲೆ ನಾನು ಮೈಕಿನಲ್ಲಿ, "ನನ್ನ ಸಹಿ ವಾಪಸ್ ತಗೊಳ್ತೀನಿ" ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಾರದಿತ್ತು ಕೂಡ. ಗಾಡಿ ಹೋದ ಮೇಲೆ ಸ್ಟೇಷನ್ನಿಗೆ ಬಂದವನ ಮಾತು ಅದು.

ಸೋಮವಾರ ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಸುಳ್ಳು 'ಹ್ಞೂಂ' ಹೇಳ್ಬೇಡ ಇನ್ಮೇಲೆ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು. ಸಂಘದಿಂದ ನನಗೆ ಕಾರಣ ಕೇಳಿ ಪತ್ರ ಬಂದಿದೆ, ಶಿಸ್ತು ಮೀರಿದ್ದಕ್ಕೆ. ಉತ್ತರ ಬರೆದಾಯಿತು. ಗಿಟಾರಿನ ಪಾಠಗಳೆಲ್ಲ ಯಾರದ್ದು ಅಂತ ಅದರಲ್ಲಿ ಹೆಸರು ಹಾಕಿ ಬರೆದಿದ್ದೇನೆ. ಅದನ್ನು ಸಭೆಯಲ್ಲಿ ಓದಿಸದೆ ಬಿಡಲ್ಲ.

ಇನ್ನೊಂದು ಸುದ್ದಿ. ನಿನ್ನೆ ಮಧ್ಯಾಹ್ನ ಜಯಕ್ಕನ ಜೊತೆ ಅವೆನ್ಯೂ ರಸ್ತೆಗೆ ಹೋಗಿದ್ದೆ. ಕಲಿಯಲು ಶುರು ಮಾಡಿ ನಾಲ್ಕೇ ದಿನಕ್ಕೆ ಎಡಗೈ ಬೆರಳಿನ ತುದಿ ಕೆಂಪಾಗಿ ಬಾತಿದೆ ಅವರಿಗೆ. ಅಂಗಡಿಯಲ್ಲಿ ಈಗ ಆ ಮುದುಕಪ್ಪನ ಮಗ ಕೂರುತ್ತಾನೆ. ಅಕ್ಕನನ್ನು ಕಂಡದ್ದೇ ತಡ, ಕೇಳದೆಯೇ ಹನ್ನೊಂದರ ಸೆಟ್ ತೆಗೆದು ಗಾಜಿನ ಮೇಲಿಟ್ಟ. ಅಕ್ಕ ಅದನ್ನು ಅವನ ಕಡೆಗೇ ತಳ್ಳಿದರು.

"ಇದು ಅವರ ಬೆರಳಿಗೆ ಆಗಿತ್ತಪ್ಪ. ಹತ್ತು ಕೊಡು."

"ಹತ್ತಾ? ಯಾರು ಮೇಡಂ ನುಡಿಸೋದು, ಈ ಸಾರಾ?"

ನಾನು ಬಾಯಿ ತೆರೆಯಲಿಲ್ಲ, ಮೇಷ್ಟ್ರೇ. ಜಯಕ್ಕ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನಂಬರು ಓದಿಕೊಂಡರು. ಆಮೇಲೆ, "ನಾನು" ಅಂದರು.

ನಿಮ್ಮ,
ರಂಗ