ಗುಡ್ಡೆಯ ಮೇಲೆ ನಾಯಿ ಮಲಗುತ್ತಿಲ್ಲ

ಮಾನ್ಯ ಕಸ ವಿಲೇವಾರಿ ಅಧಿಕಾರಿಗಳೇ,

ಬಳ್ಳಾರಿಯ ಹೊರವಲಯದಲ್ಲಿ ನೀವು ಪೇರಿಸಿಟ್ಟಿರುವ ಕಸದ ಗುಡ್ಡೆ ಒಳಗಿನಿಂದ ಬೇಯುತ್ತಿದೆ. ಮೂರು ಅರ್ಜಿ ಕೊಟ್ಟೆ. ಅಲ್ಲಿಂದೇಳುವ ಹೊಗೆಯನ್ನು ನಿಮ್ಮ ಕಚೇರಿ 'ಮಂಜು' ಎಂದು ಬರೆದು ಕಳಿಸಿತು. ಬಳ್ಳಾರಿಯಲ್ಲಿ, ಮಾರ್ಚ್ ತಿಂಗಳಲ್ಲಿ, ಮಟಮಟ ಮಧ್ಯಾಹ್ನ ಮಂಜು! ಇಂಥ ಹವಾಮಾನ ತಜ್ಞರನ್ನು ಪಡೆದ ನಾವೇ ಧನ್ಯರು.

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನೀವು ಮೈಕಿನಲ್ಲಿ ಕೂಗಿಸಿದಾಗ ಪಾರ್ವತಿನಗರದ ಮನೆಮನೆ ಅಲೆದು ಹೆಂಗಸರನ್ನು ಒಪ್ಪಿಸಿದೆ. ಲಿಂಗಪೂಜೆಯ ಹಳೇ ಪತ್ರಿ, ಹೂವನ್ನು ಎಂಜಲಿನ ಜೊತೆ ಹೇಗೆ ಹಾಕುವುದು, ಯಾರಾದರೂ ತುಳಿದರೆ ಗತಿಯೇನು ಎಂದು ಎಲ್ಲರಿಗೂ ಅಳುಕು. 'ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡಿ' ಎಂದವಳು ನಾನೇ. ಗಾಳಿಯಾಡದೆ ಕೊಳೆತದ್ದು ಉರಿಯುವ ಅನಿಲವಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈಯೇ ಆ ಗಂಟು ಕಟ್ಟಲು ಕಲಿಸಿತು. ನನಗೆ ನಾಚಿಕೆಯಾಗುತ್ತದೆ. ನಿಮಗೆ? ನಾವು ಬೇರೆ ಮಾಡಿದ್ದೆಲ್ಲ ಓಣಿಯ ತಿರುವಿನಲ್ಲಿ ಒಂದೇ ಲಾರಿಗೆ ಬೀಳುತ್ತದೆ.

ಅದೇ ಹಸಿ ಕಸದಿಂದ ಗ್ಯಾಸ್ ತೆಗೆದು ಒಲೆ ಉರಿಸಲೆಂದು ನೀವೇ ಕಟ್ಟಿಸಿದ ಘಟಕಕ್ಕೆ ಬೀಗ ಬಿದ್ದಿದೆ. ಒಳಗೆ ಪೊರಕೆಗಳು ಸುಖವಾಗಿವೆ. ಜೀನ್ಸ್ ಹೊಲಿಯುವ ಮನೆಗಳ ಬಟ್ಟೆ ಚೂರು ಮತ್ತೆ ನೂಲಾದರೆ ಹೊಸ ಬಟ್ಟೆಗೆ ಸುರಿಯುವ ನೀರು, ಕರೆಂಟು ಎಷ್ಟೋ ಉಳಿಯುತ್ತದೆ. ಅದೂ ಗುಡ್ಡೆಯೊಳಗೆ ಬತ್ತಿಯಂತೆ ಹೂತಿದೆ. ಒಲೆಯಲ್ಲಿ ಉರಿಯಬೇಕಾದ್ದನ್ನು ಜನರ ಕಾಲಡಿಗೆ ಇಟ್ಟಿದ್ದೀರಿ.

ಯಾರ ಕಾಲಡಿಗೆ ಗೊತ್ತೇ? ನಮ್ಮ ಓಣಿಯ ಕಸ ಎತ್ತುತ್ತಿದ್ದ ಸಾವಂತ್ರಮ್ಮನನ್ನು ಕಳೆದ ತಿಂಗಳು ಗುಡ್ಡೆಯ ಮೇಲೆ ಕಸ ಹರಡುವ ಕೆಲಸಕ್ಕೆ ಹಾಕಿದ್ದೀರಿ. ಮೊನ್ನೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಟ್ಟೆ ಕರಗಿ ಅಂಟಾಗಿತ್ತು.

"ಟೀಚರಮ್ಮ, ಕೆಳಗ ಕುದಿಯಾಕ ಹತ್ತೈತ್ರಿ. ನಾಯಿ ಸೈತ ಅಲ್ಲಿ ಮಲಗಂಗಿಲ್ಲ. ನಿಮ್ಮ ಪತ್ರಿ ಗಂಟು ಕಂಡ್ರ ಮಾತ್ರ ನಿಂತು, ಬಗ್ಗಿ ಸರಸ್ತೀನ್ರಿ. ದೇವ್ರದು ನೋಡ್ರಿ, ತುಳಿಬಾರದು."

"ನಾಳಿ ಹೋಗಬ್ಯಾಡವ್ವ" ಎಂದೆ.

"ಹೋಗಲಿಲ್ಲಂದ್ರ ಕೆಲಸದಿಂದ ತಗೀತಾರ್ರಿ" ಎಂದಳು.

ಘಟಕದ ಬೀಗ ತೆಗೆಯಿರಿ. ಬೇರೆ ಮಾಡಿದ ಕಸಕ್ಕೆ ಬೇರೆ ಗಾಡಿ ಕಳಿಸಿ. ಪತ್ರಿಗೆ ಬುಟ್ಟಿ ನಾವೇ ಇಡುತ್ತೇವೆ, ಗೊಬ್ಬರವಾಗಿ ಗಿಡದ ಬುಡ ಸೇರಲಿ. ಗುಡ್ಡೆ ತಣ್ಣಗಾಗುವವರೆಗೆ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ. ಇಲ್ಲ, ಅದು ಮಂಜೇ ಎನ್ನುವುದಾದರೆ ನೀವೇ ಬನ್ನಿ. ಅವಳು ನಿಲ್ಲುವಷ್ಟು ಹೊತ್ತು ಅಲ್ಲಿ ನಿಲ್ಲಿ. ಏಪ್ರಿಲ್ ಬಿಸಿಲು ಇನ್ನೂ ಬಂದಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಸಾವಂತ್ರಮ್ಮ ನನ್ನ ಚಪ್ಪಲಿ ಮೆಟ್ಟಿಕೊಂಡು ಗುಡ್ಡೆ ಹತ್ತಿದ್ದಾಳೆ.

ಇಂತಿ,
ಗಂಟು ಕಟ್ಟಲು ಕಲಿಸಿದ ತಪ್ಪಿತಸ್ಥೆ,
ಚನ್ನವೀರಮ್ಮ, ಪಾರ್ವತಿನಗರ